ಅಳಿಸಿದ ಡಿಸ್ಕ್ ಕಡತವನ್ನು ಮರಳಿ ಪಡೆಯುವ ಬಗೆ



ಒಂದು ಗಣಕಯಂತ್ರದೊಳಗೆ ತಂತ್ರಾಂಶದ ಬಲದಿಂದ ಇನ್ನೊಂದು ಗಣಕಯಂತ್ರವನ್ನು ನಡೆಸಬಹುದೆಂಬುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಇದಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. ನಾವು ಇದನ್ನು ಒಳಯಂತ್ರವೆಂದು ಕರೆಯೋಣ. ಸಾಮಾನ್ಯವಾಗಿ ಒಳಯಂತ್ರಕ್ಕೆ ಪ್ರತ್ಯೇಕ ಡಿಸ್ಕ್ ಇರುವುದಿಲ್ಲ. ಹೊರಯಂತ್ರದಲ್ಲಿರುವ ಒಂದು ದೊಡ್ಡ ಕಡತವೇ ಅದರ ಡಿಸ್ಕ್. ಜಾಗ ಸಾಲದೆಂದು ಯಾರಾದರೂ ಆ ಒಂದು ಕಡತವನ್ನು ಅಳಿಸಿದರೆ, ಒಳಯಂತ್ರದಲ್ಲಿ ವರ್ಷವಿಡೀ ಮಾಡಿದ ಪಾಠ, ಲೆಕ್ಕ, ಬರಹಗಳೆಲ್ಲವೂ ಒಮ್ಮೆಗೇ ಹೋಗುವುವು.

ಆದರೆ ಅವು ಆ ಕ್ಷಣವೇ ನಾಶವಾಗುವುದಿಲ್ಲ. ಗ್ರಂಥಾಲಯದ ಸೂಚಿಯಿಂದ ಚೀಟಿಯೊಂದನ್ನು ಕಿತ್ತರೂ ಪುಸ್ತಕವು ಕಪಾಟಿನಲ್ಲಿಯೇ ಇರುವುದಷ್ಟೆ. ಹಾಗೆಯೇ ಅಳಿಸಿದಾಗ ಮೊದಲು ಹೋಗುವುದು ಕಡತದ ಹೆಸರು. ಆಮೇಲೆ ನಾವು ಏನು ಮಾಡುವೆವೆಂಬುದರ ಮೇಲೆ ಉಳಿದುದೆಲ್ಲ ನಿಂತಿದೆ.

ಒಳಯಂತ್ರವು ನಡೆಯುತ್ತಿದ್ದರೆ ಗಾಬರಿಯಿಂದ ಅದನ್ನು ನಿಲ್ಲಿಸಬಾರದು. ಲಿನಕ್ಸ್ ವ್ಯವಸ್ಥೆಯಲ್ಲಿ ತಂತ್ರಾಂಶವೊಂದು ಕಡತವನ್ನು ತೆರೆದಿಟ್ಟುಕೊಂಡಿರುವ ತನಕ, ಹೆಸರು ಅಳಿದರೂ ಕಡತ ಅಳಿಯದು. ಒಳಯಂತ್ರವನ್ನು ಮುಚ್ಚದೆ ತಾತ್ಕಾಲಿಕವಾಗಿ ತಡೆದಿರಿಸಿ, 'ಪ್ರೋಕ್' ಎಂಬ ಕೋಶದಲ್ಲಿ ಆ ತಂತ್ರಾಂಶದ ಸಂಖ್ಯೆಯನ್ನು ಹುಡುಕಿ, ಅದರೊಳಗಿನ 'ಎಫ್‌ಡಿ' ಕೋಶದಿಂದ ಕಡತವನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಯಂತ್ರವನ್ನು ಮುಚ್ಚಿದರೆ ಈ ದಾರಿಯೂ ಮುಚ್ಚುವುದು.

ಒಳಯಂತ್ರವು ಮೊದಲೇ ನಿಂತಿದ್ದರೆ, ಹೊರಯಂತ್ರದ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು. ಮರುಪಡೆಯುವ ತಂತ್ರಾಂಶವನ್ನು ಕೂಡ ಅದರಲ್ಲಿ ಸ್ಥಾಪಿಸಬಾರದು. ಹಳೆಯ ಮಾಹಿತಿಯ ಮೇಲೆಯೇ ಹೊಸದು ಬಿದ್ದೀತು. ಇಡೀ ಡಿಸ್ಕಿನ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದು, ಆ ಪ್ರತಿಯಲ್ಲಿ ಹುಡುಕತಕ್ಕದ್ದು. ಎಸ್‌ಎಸ್‌ಡಿಗಳಲ್ಲಾದರೋ, 'ಟ್ರಿಮ್' ಎಂಬ ಏರ್ಪಾಡು ಅಳಿಸಿದ ಜಾಗವನ್ನು ಬೇಗನೆ ಬರಿದು ಮಾಡುವುದರಿಂದ ಆಸೆ ಕಡಿಮೆ.

ವಿಎಂವೇರ್ ಸಂಸ್ಥೆಯ ಇಎಸ್‌ಎಕ್ಸ್‌ಐನಲ್ಲಿ ಸಾಮಾನ್ಯವಾಗಿ ಡಿಸ್ಕಿಗೆ ಎರಡು ಕಡತಗಳುಂಟು: ವಿವರಣೆಯ ಚಿಕ್ಕ ಕಡತ, ಮಾಹಿತಿಯನ್ನು ಹೊತ್ತ 'ಫ್ಲ್ಯಾಟ್' ಎಂಬ ದೊಡ್ಡ ಕಡತ. ಚಿಕ್ಕದು ಮಾತ್ರ ಅಳಿದಿದ್ದರೆ ಭಯಪಡಬೇಕಿಲ್ಲ. ದೊಡ್ಡದರಷ್ಟೇ ಗಾತ್ರದ ಹೊಸ ಡಿಸ್ಕನ್ನು ನಿರ್ಮಿಸಿ, ಅದರ ವಿವರಣೆಯ ಕಡತದಲ್ಲಿ ಹಳೆಯ ಫ್ಲ್ಯಾಟಿನ ಹೆಸರನ್ನು ಬರೆದರೆ ಸಾಮಾನ್ಯವಾಗಿ ಒಳಯಂತ್ರವು ಮತ್ತೆ ಏಳುವುದು.

'ಸ್ನ್ಯಾಪ್‌ಶಾಟ್' ಇದೆಯೆಂದು ಮೈಮರೆಯಬೇಡಿರಿ. ಅದು ಮೂಲ ಕಡತವನ್ನೇ ಆಶ್ರಯಿಸಿರುವುದು. ಮೂಲವಳಿದರೆ ಅದೂ ನಿರುಪಯುಕ್ತ. ನಿಜವಾದ ರಕ್ಷಣೆ ಎಂದರೆ ಬೇರೆ ಡಿಸ್ಕಿನಲ್ಲಿಟ್ಟ ಪೂರ್ಣ ಪ್ರತಿ. ಅದನ್ನು ಅಳಿಸುವ ಮುನ್ನವೇ ಮಾಡಿಡಬೇಕು, ಇಂದೇ ಮಾಡಿಡಿರಿ.