ಫ್ಯೂಜೀಸರ 'ದಿ ಸ್ಕೋರ್'

ಹಿಪ್‌ಹಾಪ್ ಎಂದರೆ ಬರಿಯ ಗದ್ದಲವೆಂದು ನಾನೂ ಬಹುಕಾಲ ನಂಬಿದ್ದೆನು. ಆ ನಂಬಿಕೆಯನ್ನು ಅಲುಗಿಸಿದುದು ಅಮೆರಿಕದ 'ಫ್ಯೂಜೀಸ್' ತಂಡದ 'ದಿ ಸ್ಕೋರ್' ಎಂಬ ಧ್ವನಿಮುದ್ರಿಕೆ.

ತಂಡದವರು ಮೂವರು: ವೈಕ್ಲೆಫ್ ಜೀನ್, ಪ್ರಾಸ್ ಮಿಶೆಲ್ ಮತ್ತು ಲಾರಿನ್ ಹಿಲ್. ವೈಕ್ಲೆಫ್ ಹುಟ್ಟಿದುದು ಹೈಟಿಯಲ್ಲಿ. ಪ್ರಾಸರ ತಂದೆತಾಯಿಗಳೂ ಅಲ್ಲಿಯವರೇ. 'ರೆಫ್ಯೂಜಿ' ಎಂದರೆ ನಿರಾಶ್ರಿತ. ಹೈಟಿಯಿಂದ ಬಂದವರನ್ನು ಹೀಯಾಳಿಸಲು ಬಳಸುತ್ತಿದ್ದ ಆ ಮಾತಿನ ತುಂಡನ್ನೇ ಇವರು ತಮ್ಮ ಹೆಸರಾಗಿ ಧರಿಸಿದರು.

1994ರ ಮೊದಲನೆಯ ಮುದ್ರಿಕೆಗೆ ಹೆಚ್ಚು ಕೊಳ್ಳುವವರಿರಲಿಲ್ಲ. ಆದರೂ ಎದೆಗುಂದದೆ, ನ್ಯೂಜೆರ್ಸಿಯ ಒಂದು ಮನೆಯ ನೆಲಮಾಳಿಗೆಯಲ್ಲಿ ಎರಡನೆಯದನ್ನು ಸಿದ್ಧಪಡಿಸಿದರು. 1996ರ ಫೆಬ್ರವರಿಯಲ್ಲಿ ಹೊರಬಂದ ಅದು ಬಿಲ್‌ಬೋರ್ಡ್ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೇರಿತು. 1997ರಲ್ಲಿ ಅತ್ಯುತ್ತಮ ರ‍್ಯಾಪ್ ಆಲ್ಬಮಿನ ಗ್ರ್ಯಾಮಿ ಪ್ರಶಸ್ತಿಯೂ ದೊರೆಯಿತು.

ಈ ಯಶಸ್ಸಿಗೆ ಕಾರಣವೇನು? ಹಳೆಯದನ್ನು ಹೊಸದರೊಡನೆ ಬೆಸೆದ ಜಾಣ್ಮೆಯೆಂದು ನನಗೆ ತೋರುತ್ತದೆ. 1973ರಲ್ಲಿ ರಾಬರ್ಟಾ ಫ್ಲಾಕ್ ಪ್ರಸಿದ್ಧಿಗೆ ತಂದ 'ಕಿಲ್ಲಿಂಗ್ ಮಿ ಸಾಫ್ಟ್‌ಲಿ' ಗೀತವನ್ನು ಲಾರಿನ್ ಹಿಲ್ ಮತ್ತೆ ಹಾಡಿದರು. ರಾಗ ಹಳೆಯದು, ಕೆಳಗೆ ಮಿಡಿಯುವ ತಾಳ ಹೊಸದು. ಜಮೈಕದ ಬಾಬ್ ಮಾರ್ಲೆಯ ಗೀತವೊಂದೂ ಇಲ್ಲಿ ಮರುಹುಟ್ಟು ಪಡೆದಿದೆ. ದೋಷವಿಲ್ಲವೆಂದಲ್ಲ: ಐರ್ಲೆಂಡಿನ ಗಾಯಕಿ ಎನ್ಯಾರ ಸಂಗೀತದ ತುಣುಕನ್ನು 'ರೆಡಿ ಆರ್ ನಾಟ್' ಹಾಡಿನಲ್ಲಿ ಅನುಮತಿಯಿಲ್ಲದೆ ಬಳಸಿದ್ದರು, ಬಳಿಕ ಆಕೆಯೊಡನೆ ಒಪ್ಪಂದಕ್ಕೆ ಬಂದರು.

ಆದರೆ ನನ್ನನ್ನು ಕಾಡಿದುದು ಆ ಹೆಸರು. ಹಳ್ಳಿಯ ನುಡಿಯಾಡುವ ಸಹಪಾಠಿಯೊಬ್ಬನಿಗೆ ನಾವು ಕೆಲವರು ಅಡ್ಡಹೆಸರಿಟ್ಟು ನಕ್ಕಿದ್ದೆವು. ಈ ಹಾಡುಗಳನ್ನು ಕೇಳಿದ ಮೇಲೆ ಅವನನ್ನು ಆ ಹೆಸರಿನಿಂದ ಕರೆಯಲು ನನಗೆ ನಾಲಿಗೆ ಏಳಲಿಲ್ಲ. ಮಿತ್ರರೂ ಒಮ್ಮೆ ಕೇಳಿ ನೋಡಲಿ.