ಮೃತ್ಯುವಿನ ಪಿಟೀಲು

ನಡುರಾತ್ರಿ. ಹಾರ್ಪ್ ವಾದ್ಯವು ಒಂದೇ ಸ್ವರವನ್ನು ಹನ್ನೆರಡು ಬಾರಿ ಮಿಡಿಯುತ್ತದೆ. ಮೃತ್ಯುವು ಪಿಟೀಲನ್ನು ಹಿಡಿದು ನುಡಿಸತೊಡಗಲು, ಗೋರಿಗಳಿಂದ ಅಸ್ಥಿಪಂಜರಗಳೆದ್ದು ಕುಣಿಯುತ್ತವೆ. ಫ್ರಾನ್ಸಿನ ಸ್ಯಾಂ-ಸಾನ್ಸನು 1874ರಲ್ಲಿ ರಚಿಸಿದ ‘ಮೃತ್ಯುನೃತ್ಯ’ವೆಂಬ ವಾದ್ಯವೃಂದ ಕೃತಿಯ ಕಥೆಯಿದು. ಆ ಪಿಟೀಲಿನ ದನಿಗೆ ಮೈ ನವಿರೇಳುವುದೇಕೆಂಬುದನ್ನು ನಾವೀಗ ವಿಚಾರಿಸೋಣ.

ಪಾಶ್ಚಾತ್ಯ ಪಿಟೀಲಿನ ಕೊನೆಯ ಎರಡು ತಂತಿಗಳು ಸೆಕೆಂಡಿಗೆ 440 ಮತ್ತು 660 ಬಾರಿ ಕಂಪಿಸುತ್ತವೆ. ಇದು ನಮ್ಮ ಷಡ್ಜ-ಪಂಚಮಗಳ ಸಂಬಂಧವೇ. ತಂತಿಯು ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು ಕಂಪನಗಳುಳ್ಳ ಉಪಸ್ವರಗಳನ್ನೂ ಹೊರಡಿಸುತ್ತದೆ. 440ರ ಮೂರರಷ್ಟು 1320. 660ರ ಎರಡರಷ್ಟೂ 1320. ಆದುದರಿಂದಲೇ ಅವೆರಡೂ ಸೊಗಸಾಗಿ ಬೆರೆಯುವುದು. ಸ್ಯಾಂ-ಸಾನ್ಸನು ಮೇಲಿನ ತಂತಿಯನ್ನು ಒಂದು ಸ್ವರಸ್ಥಾನದಷ್ಟು ಸಡಿಲಿಸಿ ಸುಮಾರು 622ಕ್ಕೆ ಇಳಿಸಿದನು. ಈಗ 1320ರ ಎದುರಿಗೆ 1244 ಬಂದು ನಿಲ್ಲುತ್ತದೆ. ನೆರೆಯ ಈ ಉಪಸ್ವರಗಳು ಕೂಡಿದಾಗ ದನಿಯು ಸೆಕೆಂಡಿಗೆ 76 ಬಾರಿ ಹೆಚ್ಚಿ ಕುಗ್ಗಿ ಒರಟಾಗುತ್ತದೆ. ಸ್ವರಗಳು ಹೊಂದದಿರುವುದಕ್ಕೆ ಜರ್ಮನಿಯ ಹೆಲ್ಮ್‌ಹೋಲ್ಟ್ಸನು 1863ರಲ್ಲಿಯೇ ಈ ಕಾರಣವನ್ನು ಹೇಳಿದ್ದನು.

ಆದರೆ ಒರಟುತನವೇ ಭಯವೆ? ಆ ಇಳಿಸಿದ ಸ್ವರವು ನಮ್ಮ ಪ್ರತಿಮಧ್ಯಮವಲ್ಲದೆ ಬೇರೆಯಲ್ಲ. ಅದೇ ಪ್ರತಿಮಧ್ಯಮವುಳ್ಳ ಕಲ್ಯಾಣಿಯನ್ನು ನಾವು ಮಂಗಳಕರವೆಂದು ಶುಭಕಾರ್ಯಗಳಲ್ಲಿ ಕೇಳುತ್ತೇವೆ! ಅಲ್ಲಿ ತಂಬೂರಿಯ ಪಂಚಮವು ಎಡೆಬಿಡದೆ ಮಿಡಿಯುತ್ತಿರುತ್ತದೆ. ಪ್ರತಿಮಧ್ಯಮವು ಏರಿ ಅದರಲ್ಲಿ ನೆಲೆಗೊಳ್ಳುವುದೆಂದು ಕಿವಿ ಬಲ್ಲದು. ಮೃತ್ಯುವಿನ ಪಿಟೀಲಿನಲ್ಲಾದರೋ ಪಂಚಮದ ತಂತಿಯೇ ಇಳಿದುಹೋಗಿದೆ. ನಮ್ಮಲ್ಲಿಯೂ ಪಿಟೀಲಿನ ಆ ಜೋಡಿ ತಂತಿಗಳನ್ನು ಷಡ್ಜ-ಪಂಚಮಗಳಿಗೇ ಶ್ರುತಿಮಾಡುವುದರಿಂದ, ವಾದ್ಯವುಳ್ಳ ವಾಚಕರು ಪಂಚಮವನ್ನಿಳಿಸಿ, ಎರಡರ ಮೇಲೂ ಒಟ್ಟಿಗೆ ಕಮಾನನ್ನೆಳೆದು ನೋಡಬಹುದು.