ವಶೀಲಿಯ ಅಳತೆ

ನೋಡವ್ವಾ, “ಕರ್ನಲ್, ಬ್ರಿಗೇಡಿಯರ್ ಮಕ್ಕಳೇ ಆಫೀಸರ್ ಆಗ್ತಾರ, ಕಮಲಾಪುರದ ರೈತರ ಮನಿ ಹುಡುಗೀನ್ನ ಯಾರು ಕೇಳ್ತಾರಜ್ಜ” ಅಂದಿಯಲ್ಲ, ವಶೀಲಿ ಅನ್ನುವುದು ಇಲ್ಲವೇ ಇಲ್ಲ ಎಂದು ನಾನು ಸುಳ್ಳು ಹೇಳಲಾರೆ. ವಶೀಲಿಯಿಂದಲೇ ಮೇಲೆ ಬಂದ ಒಬ್ಬನ ಕಥೆ ಹೇಳುತ್ತೇನೆ. ಅವನ ಕುದುರೆ ನಮ್ಮ ಸೀಮೆಯಲ್ಲೂ ಓಡಿದೆ.

ಆರ್ಥರ್ ವೆಲ್ಲೆಸ್ಲಿ ಐರ್ಲೆಂಡಿನ ಅರ್ಲ್ ಒಬ್ಬರ ಮಗ. ಈಟನ್ ಶಾಲೆಯಲ್ಲಿ ಓದು ಹತ್ತಲಿಲ್ಲ. ಹುಡುಗ ಯಾತಕ್ಕೂ ಬಾರ ಎಂದು ಮನೆಯವರು 1787ರಲ್ಲಿ ಸೈನ್ಯಕ್ಕೆ ತಳ್ಳಿದರು. ಆಗ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯ ಹುದ್ದೆಗೆ ಸರಕಾರವೇ ಬೆಲೆ ಕಟ್ಟಿತ್ತು. ರೊಕ್ಕ ಎಣಿಸಿದವರಿಗೆ ಬಡ್ತಿ. ಅಣ್ಣ ರಿಚರ್ಡ್ ರೊಕ್ಕ ಕೊಟ್ಟ. ತಮ್ಮ ರೆಜಿಮೆಂಟಿನಿಂದ ರೆಜಿಮೆಂಟಿಗೆ ಜಿಗಿದು, 24ನೇ ವಯಸ್ಸಿಗೆ 33ನೇ ಪದಾತಿ ದಳದ ಲೆಫ್ಟಿನೆಂಟ್ ಕರ್ನಲ್ ಆಗಿ ಕೂತ. ಅಲ್ಲಿಯ ತನಕ ಒಂದು ಯುದ್ಧವನ್ನೂ ನೋಡಿರಲಿಲ್ಲ! 1798ರಲ್ಲಿ ಅದೇ ಅಣ್ಣ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದ ಮೇಲೆ ಕೇಳಬೇಕೇ. ಟಿಪ್ಪುವಿನ ಮೇಲಿನ ಯುದ್ಧದಲ್ಲಿ, 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನಪೇಟೆಯ ತೋಪಿನಲ್ಲಿ ಆರ್ಥರ್ ಕತ್ತಲೆಯಲ್ಲಿ ದಾರಿ ತಪ್ಪಿ, ಸೋತು ಹಿಂದಿರುಗಿದ. ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್. ಅದೇ ಊರಿನ ಸೆರೆಯಲ್ಲಿ ವರ್ಷಗಟ್ಟಲೆ ಕೊಳೆತವನು. ಕೋಟೆಯ ಅಧಿಕಾರ ಮಾತ್ರ ಗವರ್ನರ್ ಜನರಲ್‌ನ ತಮ್ಮನಿಗೆ. ಬೇರ್ಡ್‌ನ ಹೊಟ್ಟೆ ಉರಿದದ್ದು ನ್ಯಾಯವೇ.

ಇಲ್ಲಿಗೆ ನಿಲ್ಲಿಸಿದರೆ ನಿನ್ನ ಮಾತೇ ಖರೆ. ಆದರೆ ಆ ಸೋಲಿನ ಮೇಲೆ ಅವನು ಮೊದಲು ನೆಲ ನೋಡಿಕೊಳ್ಳದೆ ಕತ್ತಲಲ್ಲಿ ಮೇಲೆ ಬೀಳುವುದನ್ನು ಬಿಟ್ಟ. ಶ್ರೀರಂಗಪಟ್ಟಣದ ಸೆರೆಯಿಂದ ಪಾರಾದ ಧೋಂಡಿಯಾ ವಾಘ್ ಉಭಯ ಲೋಕಗಳ ಒಡೆಯ ಎಂದು ಹೆಸರಿಟ್ಟುಕೊಂಡು ದಂಡು ಕಟ್ಟಿದಾಗ, 1800ರ ಮಳೆಗಾಲದಲ್ಲಿ ಅವನ ಬೆನ್ನು ಹತ್ತುವ ಕೆಲಸ ವೆಲ್ಲೆಸ್ಲಿಗೆ ಬಿತ್ತು. ಆ ಹೊತ್ತಿನ ಅವನ ಪತ್ರಗಳ ತುಂಬ ಎತ್ತು, ಅಕ್ಕಿ, ಹರಿಗೋಲು. ಹಳೆಯ ಎತ್ತು ಸಾಯುತ್ತಿವೆ, ಹೊಸವು ಎಲ್ಲಿ? ತುಂಗಭದ್ರೆ, ಮಲಪ್ರಭೆ ತುಂಬಿವೆ, ಹರಿಗೋಲಿಗೆ ಚರ್ಮ ಎಷ್ಟು ಬೇಕು? ಮೈಸೂರಿನ ಅಮೃತಮಹಲ್ ಎತ್ತುಗಳ ಕಾಲಿನ ಬಲವನ್ನು ಅವನು ಬಲ್ಲ. ದಂಡಿಗೆ ಧಾನ್ಯ ತರುತ್ತಿದ್ದವರು ಬಂಜಾರರು. ನಮ್ಮ ಸುತ್ತಲಿನ ತಾಂಡಾಗಳ ಹಿರಿಯರ ಪೈಕಿಯವರೇ, ಸಾವಿರಾರು ಎತ್ತುಗಳ ಮೇಲೆ ಗೋಣಿ ಹೇರಿ ದಖ್ಖನ್ ತುಳಿದವರು. ಅವರ ಬಿಡಾರ ಎಲ್ಲಿದೆ, ಏನು ದರ ಎಂದು ವಿಚಾರಿಸುವುದು ಲಾಟ್ ಸಾಹೇಬನ ತಮ್ಮನಿಗೆ ಕೀಳಾಗಿ ಕಾಣಲಿಲ್ಲ. ಅವನ ದೊಡ್ಡಸ್ತಿಕೆ ಎಂದರೆ ನನಗೆ ಇದೇ.

ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನ ಬಳಿ, ನಾಲ್ಕೇ ಕುದುರೆ ದಳಗಳನ್ನು ಒಂದೇ ಸಾಲಿಗೆ ಹಚ್ಚಿ, ಸುಮಾರು 5,000 ಸವಾರರ ಮೇಲೆ ತಾನೇ ಮುಂದಾಗಿ ನುಗ್ಗಿದ. ಧೋಂಡಿಯಾ ಸತ್ತ. ಅವನ ಸಾಮಾನಿನ ನಡುವೆ ಸಿಕ್ಕ ಎಳೆಯ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ತನ್ನ ಡೇರೆಗೆ ಕರೆಸಿಕೊಂಡ. ದೇಶ ಬಿಡುವಾಗ ಅವನ ಸಾಕಣೆಗೆ ರೊಕ್ಕ ಇಟ್ಟು ಹೋದ. ಹಾಗೆಂದು ಅವನನ್ನು ಪೂಜೆ ಮಾಡಬೇಡ. ಅವನು ಗೆದ್ದದ್ದು ನಮ್ಮ ನೆಲವನ್ನೇ. ಮುಂದೆ ವೆಲಿಂಗ್ಟನ್ ಡ್ಯೂಕ್ ಆದ, 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ, 1828ರಲ್ಲಿ ಪ್ರಧಾನಿಯಾದ. ಆದರೂ ಹುದ್ದೆ ಮಾರುವ ಪದ್ಧತಿಯ ಪರವಾಗಿಯೇ ನಿಂತ. ಅದು ರದ್ದಾದದ್ದು 1871ರಲ್ಲಿ, ಅವನು ಸತ್ತು 19 ವರ್ಷಕ್ಕೆ.

ಅಂಥ ದೊಡ್ಡ ವಶೀಲಿ ಇಲ್ಲದವನೂ ಇಲ್ಲೇ ಹತ್ತಿರ ಇದ್ದ, ಸುರಪುರದ ಮೆಡೋಸ್ ಟೇಲರ್. ಹದಿನೈದರ ಹುಡುಗನಾಗಿ ಮುಂಬೈ ವ್ಯಾಪಾರಿಯ ಕೈಕೆಳಗೆ ದುಡಿಯಲು ಬಂದವನು. ನಿಜಾಮನ ಸೈನ್ಯ ಸೇರಿ, ಭಾಷೆ, ಮೋಜಣಿ, ಕಾನೂನು ಎಲ್ಲ ಸ್ವಂತ ಕಲಿತು, 1841ರಿಂದ ಸುರಪುರ ಸಂಸ್ಥಾನದ ಆಡಳಿತ ನೋಡಿದ. ಡ್ಯೂಕ್ ಪದವಿ ಯಾರೂ ಕೊಡಲಿಲ್ಲ. ಆದರೆ ಅಲ್ಲಿನ ಎಳೆಯ ರಾಜ ವೆಂಕಟಪ್ಪ ನಾಯಕ ಅವನನ್ನು ಅಪ್ಪ ಎಂದು ಕರೆಯುತ್ತಿದ್ದ.

ನಿನಗೆ ಬಾಗಿಲು ತೆರೆದದ್ದು ಮೊನ್ನೆ ಮೊನ್ನೆ. ಸೈನ್ಯದ ಅಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ ಪರೀಕ್ಷೆಗೆ ಹುಡುಗಿಯರೂ ಕೂರಬಹುದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2021ರಲ್ಲಿ. ಹೆಣ್ಣುಮಕ್ಕಳಿಗೆಂದು ಬಿಟ್ಟ ಸೀಟು ಎಂದು ಯಾರಾದರೂ ಆಡಿಕೊಂಡರೆ ತಲೆ ತಗ್ಗಿಸಬೇಡ; ಆರ್ಥರ್‌ಗೆ ತಲೆಮಾರುಗಳಿಂದ ತೆರೆದೇ ಇದ್ದ ಬಾಗಿಲು ನಿನಗೆ ಮುಚ್ಚಿಯೇ ಇತ್ತು.

ಇನ್ನೊಂದು. ಕಲಬುರಗಿಯಲ್ಲಿ ಯಾರೋ “ದಿಲ್ಲಿಯಲ್ಲಿ ನಮ್ಮವರಿದ್ದಾರೆ, ಇಷ್ಟು ಲಕ್ಷ ಕೊಟ್ಟರೆ ಕೆಲಸ ಖಾತ್ರಿ” ಎಂದನಂತೆ. ನಿಮ್ಮಪ್ಪ ಹೊಲ ಒತ್ತೆ ಇಡುವ ಮಾತೆತ್ತಿದ್ದಾನೆ. ಅವನಿಗೆ ನಾನು ಹೇಳುತ್ತೇನೆ, ನೀನೂ ಹೇಳು: ಲಿಖಿತ ಪರೀಕ್ಷೆ ಯುಪಿಎಸ್‌ಸಿಯದು, ಹೆಣ್ಣುಮಕ್ಕಳಿಗೆ ಶುಲ್ಕವೂ ಇಲ್ಲ. ಪಾಸಾದರೆ ಸೈನ್ಯದ ಆಯ್ಕೆ ಮಂಡಳಿ ಎಸ್‌ಎಸ್‌ಬಿಯವರು ಐದು ದಿನ ಇಟ್ಟುಕೊಂಡು ನೋಡುತ್ತಾರೆ. ಮೊದಲ ಸಲ ಹೋಗಿಬರುವ ರೈಲಿನ ಖರ್ಚು ಸರಕಾರದ್ದೇ. ನಡುವೆ ರೊಕ್ಕ ಕೇಳಿದವನು ಕಳ್ಳ. ಅವನ ಫೋನ್ ನಂಬರ್ ಬರೆದಿಟ್ಟುಕೋ, ಪೊಲೀಸರಿಗೆ ಕೊಡೋಣ.